ಕರೆಗಂಟೆ ಒತ್ತಬಾರದು

ಜೆಪ್ಪುವಿನ ಇಳಿಜಾರಲ್ಲಿ ನೀರಿನ ಪೈಪಿಗೆಂದು ಅಗೆಯುತ್ತಿದ್ದ ಜೆಸಿಬಿ
ಪಕ್ಕದ ಹಳದಿ ಗೀಟಿನ ಕೊಳವೆಯನ್ನು ಕಚ್ಚಿತ್ತು.
ಆರೂಮುಕ್ಕಾಲು. ಪಾಂಡೇಶ್ವರದಿಂದ ನಾವು ಹೊರಟಾಗ
ವಾಮನ ಸಾಲ್ಯಾನ್ ಬೆರಳು ನೆಕ್ಕಿ
ಕಿಟಕಿಯಾಚೆ ಗಾಳಿಗೆ ಹಿಡಿದ.
ಬೆಂಗ್ರೆಯ ಹುಡುಗ. ಅಪ್ಪ ದೋಣಿಯವರು.
"ಇನ್ನೂ ಪಡುಗಾಳಿಯೇ ಸರ್."
ಹಾಗಾಗಿ ಗಾಡಿಯನ್ನು ಪಡುಬದಿಯಲ್ಲಿ, ನೂರೈವತ್ತು ಹೆಜ್ಜೆ ದೂರ,
ಮೂತಿ ಕಡಲಿಗೆ ತಿರುಗಿಸಿ ನಿಲ್ಲಿಸಿದೆವು,
ಓಡಬೇಕಾದರೆ ಓಡಲು.

ಸೈರನ್ ಮೊದಲೇ ಆರಿಸಿದ್ದೆ.
ಬೆಂಕಿಗೆ ಹೋಗುವಾಗ ಊರೇ ಕೇಳಲೆಂದು ಕೂಗುತ್ತೇವೆ;
ಬೆಂಕಿಯಿನ್ನೂ ಹುಟ್ಟದಲ್ಲಿಗೆ
ತೊಟ್ಟಿಲಿರುವ ಕೋಣೆಗೆ ಹೋದ ಹಾಗೆ ಹೋಗಬೇಕು.

ಹೊಂಡದಲ್ಲಿ ಲಾರಿ ಟಯರು ಗಾಳಿ ಬಿಡುವ ಸದ್ದು,
ಮುಗಿಯದ ಟಯರು.
ಜೆಸಿಬಿಯವನು ಎಂಜಿನ್ ಆರಿಸಿಯೇ ಓಡಿದ್ದ.
ಅವನ ಹೆಸರು ಗೊತ್ತಿಲ್ಲ, ಹೊಟ್ಟೆ ತಣ್ಣಗಿರಲಿ.

ಕೊಳೆತ ಕೋಸಿನ ವಾಸನೆ.
ಅದು ಅದರದಲ್ಲ, ನಮ್ಮ ಮೂಗಿಗೆಂದು ಯಾರೋ ಬೆರೆಸಿದ್ದು.
ಮಣ್ಣೊಳಗೆ ನುಸುಳುವಾಗ ಅದನ್ನೂ ಕಳಚಿಟ್ಟು ಬರುವುದುಂಟು.
ಮೂಗನ್ನು ನಂಬಬೇಡ, ಎಂದೆ ವಾಮನನಿಗೆ, ಮೀಟರನ್ನು ನಂಬು,
ತಲೆಗಿಂತ ಮೇಲೆ ಹಿಡಿ.
ಸಿಲಿಂಡರಿನದು ನೆಲ ಹಿಡಿದು ತೆವಳುತ್ತದೆ,
ಇದು ಹಗುರ, ಮೇಲಕ್ಕೇ ಹೋಗುವ ಜಾತಿ.
ಹಂಚಿನ ಮಾಡು ಸಂದಿಯಲ್ಲಿ ಬಿಟ್ಟುಬಿಡುತ್ತದೆ;
ಫಾಲ್ಸ್ ಸೀಲಿಂಗ್ ಇಟ್ಟುಕೊಳ್ಳುತ್ತದೆ.

ಕೊಳವೆಯ ಬಾಯಿ ಮುಚ್ಚುವುದು ನಮ್ಮ ಕೆಲಸವಲ್ಲ.
ಕೀಲಿ ಕಂಪೆನಿಯವರಲ್ಲಿ, ಅವರು ನಂತೂರಿನ ಟ್ರಾಫಿಕ್ಕಿನಲ್ಲಿ.
ನಮ್ಮದು ಮನೆಗಳು. ಹದಿನಾಲ್ಕು.

ಏಳಕ್ಕೆ ಐದು ನಿಮಿಷ.
ಆಗ ನೆನಪಾಯಿತು ಈ ಓಣಿಯ ಏಳು ಗಂಟೆ:
ಮನೆಮನೆಯ ಅಲ್ತಾರಿನ ಮುಂದೆ
ಮೇಣದಬತ್ತಿ ಹಚ್ಚಿ ತೇರ್ಸ್ ಹೇಳುವ ಹೊತ್ತು.

ಓಡಬಾರದು. ಓಡಿದೆವು.
ಕರೆಗಂಟೆ ಒತ್ತಬಾರದು, ಅದರೊಳಗೂ ಒಂದು ಕಿಡಿ.
ಲೈಟ್ ಹಾಕಬಾರದು; ಹಾಕಿದ್ದನ್ನು ಆರಿಸಲೂಬಾರದು.
ಗೆಣ್ಣಿನಿಂದ ತಟ್ಟು, ಹೆಸರು ಗೊತ್ತಿದ್ದರೆ ಕೂಗು.

ಒಂಬತ್ತನೆಯ ಮನೆ, ಸೆವ್ರಿನ್ ಬಾಯಿ.
"ಬೆಲ್ ಉಂಟಲ್ಲ, ಬಾಗಿಲು ಯಾಕೆ ಒಡೀತೀರಿ?"
ಎಡಗೈಯಲ್ಲಿ ಬೆಂಕಿಪೆಟ್ಟಿಗೆ, ಬಲಗೈಯಲ್ಲಿ ಕಡ್ಡಿ,
ಹಿಂದೆ ಮೊಣಕಾಲೂರಿ ಕಾಯುವ ಮೂವರು ಮೊಮ್ಮಕ್ಕಳು.
ಸೀಲಿಂಗಿನ ಕೆಳಗೆ ಮೀಟರು ಅಳತೊಡಗಿತು.
ನಾನೇನೂ ಹೇಳಲಿಲ್ಲ.
ಇಗರ್ಜಿಯಲ್ಲಿ ಮದುಮಕ್ಕಳು ಹಿಡಿಯುವ ಹಾಗೆ
ಅವರ ಎರಡೂ ಕೈ ನನ್ನ ಎರಡೂ ಕೈಯೊಳಗೆ ಮುಚ್ಚಿ ಹಿಡಿದೆ.
ಬಿಡಿಸಿಕೊಳ್ಳಲು ನೋಡಿದರು.
ಮತ್ತೆ ನನ್ನ ಮುಖ ನೋಡಿದರು. ಬಂದರು.

ಹದಿನಾಲ್ಕೂ ಮುಗಿಯುವಷ್ಟರಲ್ಲಿ ಗಾಳಿ ನಿಂತಿತು.
ಒಂದು ತೆಂಗಿನ ಗರಿಯೂ ಅಲುಗಲಿಲ್ಲ.
ವಾಮನ ಮತ್ತೆ ಬೆರಳು ನೆಕ್ಕಿದ.
"ಇನ್ನು ಮೂಡಿನಿಂದ ಬರ್ತದೆ ಸರ್.
ಈ ಹೊತ್ತಿಗೆ ಅಪ್ಪ ಹಾಯಿ ತಿರುಗಿಸ್ತಿದ್ದರು."
ಬರುವ ಮೊದಲೇ ಜನರನ್ನೂ ಗಾಡಿಯನ್ನೂ
ಸುತ್ತುದಾರಿಯಲ್ಲಿ ಮೂಡುಬದಿಗೆ ಸಾಗಿಸಿದೆವು.
ಗೊಣಗಿದರು, ಚಪ್ಪಲಿ ಹುಡುಕಿದರು,
ಇದಿನಬ್ಬ ಸ್ಕೂಟರ್ ಸ್ಟಾರ್ಟ್ ಮಾಡಹೊರಟ.
"ಕೀ ಇಲ್ಲಿ ಕೊಡಿ ಕಾಕಾ."

ರಸ್ತೆಬದಿಯ ಕತ್ತಲಲ್ಲಿ ಸೆವ್ರಿನ್ ಬಾಯಿ
ಬತ್ತಿಯಿಲ್ಲದೆಯೇ ಜಪಮಣಿ ಎಣಿಸಿದರು.
ಅವರು ಐದನೆಯ ಹತ್ತಕ್ಕೆ ಬರುವಾಗ
ಕಂಪೆನಿಯವರು ಕೊಳವೆಯ ಕತ್ತು ಹಿಸುಕಿದರು.
ಟಯರು ಕೊನೆಗೂ ಖಾಲಿಯಾಯಿತು.
ಕಿಟಕಿ ತೆರೆದು, ಕಾದು, ಮತ್ತೆ ಅಳೆದು,
ಮೀಟರು ಸೊನ್ನೆ ಎನ್ನುವಾಗ ಒಂಬತ್ತೂಮುಕ್ಕಾಲು.
ವರದಿಯಲ್ಲಿ ಬರೆದೆ: ಗಾಯ, ಇಲ್ಲ. ನಷ್ಟ, ಇಲ್ಲ.

ಮನೆಯಲ್ಲಿ ಸಮವಸ್ತ್ರ ಕಳಚುವಾಗ
ಕಿಸೆಯಲ್ಲಿ ಏನೋ ಕಟಕಟ ಎಂದಿತು.
ಬೆಂಕಿಪೆಟ್ಟಿಗೆ.
ಇಪ್ಪತ್ತಾರು ವರ್ಷ ಸರ್ವಿಸಿನವ,
ಹುಡುಗನಿಗೆ ಪಾಠ ಹೇಳುತ್ತಾ
ಉಳಿದ ಐದು ಮನೆಗಳಿಗೂ ಅದನ್ನು ಹೊತ್ತು ತಿರುಗಿದ್ದೆ.
ಅದಕ್ಕೆ ವರದಿಯಲ್ಲಿ ಕಾಲಂ ಇಲ್ಲ.

ಮರುದಿನ ಕೊಡಲು ಹೋದೆ.
ಧೈರ್ಯವಾಗಿ ಬೆಲ್ ಒತ್ತಿದೆ.
ಕರೆಂಟ್ ಇರಲಿಲ್ಲ.
ಗೆಣ್ಣಿನಿಂದಲೇ ತಟ್ಟಿದೆ.